ಎಲ್ಲಾ ಕೋಶವೂ ನೀಲಿ, ಇಲ್ಲವೇ ಒಂದೂ ಇಲ್ಲ: ಇಲಿಯ ಟ್ರೈಜೆಮಿನಲ್ ಗ್ಯಾಂಗ್ಲಿಯನ್‌ನಲ್ಲಿ ಕಿಣ್ವದ ಸ್ಟೇನ್ ಕೈಕೊಟ್ಟಾಗ

"ಮೇಡಂ, ಎಲ್ಲಾ ಕೋಶನೂ ನೀಲಿ ಬಂದಿದೆ. ಸ್ಟೇನ್ ಚೆನ್ನಾಗಿ ಹತ್ತಿದೆ ಅಲ್ವಾ?"

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಸ್ಲೈಡ್ ಹಿಡಿದು ಖುಷಿಯಿಂದ ಬಂದಿದ್ದ. ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ. ದೊಡ್ಡ ನರಕೋಶ, ಚಿಕ್ಕ ನರಕೋಶ, ಅವುಗಳ ಸುತ್ತ ಅಂಟಿಕೊಂಡಿರುವ ಸ್ಯಾಟಲೈಟ್ ಕೋಶ, ನಡುವೆ ಹಾದುಹೋಗುವ ನರತಂತು, ಎಲ್ಲವೂ ಒಂದೇ ನೀಲಿ. ಚೆನ್ನಾಗಿ ಹತ್ತಿತ್ತು, ಸುಳ್ಳಲ್ಲ. ಆದರೆ ನಾವು ಹುಡುಕುತ್ತಿದ್ದ ಎನ್‌ಎಡಿಪಿಎಚ್ ಡಯಾಫೊರೇಸ್ ಎಂಬ ಕಿಣ್ವದ ಬಣ್ಣ ಅದಾಗಿರಲಿಲ್ಲ. ಎಲ್ಲವೂ ನೀಲಿ ಆಗಿರುವ ಸ್ಲೈಡು ಏನೂ ಬಾರದ ಸ್ಲೈಡಿಗಿಂತ ಅಪಾಯ. ಏನೂ ಬಾರದಿದ್ದರೆ ತಪ್ಪಾಗಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಎಲ್ಲ ಬಂದರೆ ಫೋಟೋ ತೆಗೆದು ಥೀಸಿಸ್‌ಗೆ ಅಂಟಿಸಿಬಿಡುತ್ತಾರೆ.

ಆ ಸ್ಲೈಡಿನ ತಪ್ಪು ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ಮೊದಲು ನಾವು ಏನನ್ನು ನೋಡಬೇಕಿತ್ತು ಅನ್ನುವುದು ಗೊತ್ತಿರಬೇಕು.

ಸರಿಯಾದ ಸ್ಲೈಡ್ ಹೇಗಿರುತ್ತದೆ

ಮುಖ, ಮೀಸೆ, ಹಲ್ಲು, ಕಣ್ಣಿನ ಮೇಲ್ಪದರ, ಇವುಗಳಿಂದ ಸುದ್ದಿ ಒಯ್ಯುವ ನರಕೋಶಗಳು ಹೆಚ್ಚಿನವು ಟ್ರೈಜೆಮಿನಲ್ ಗ್ಯಾಂಗ್ಲಿಯನ್ ಎಂಬ ನರಗಂಟಿನಲ್ಲಿವೆ. ಕೋಶಗಳು ಸ್ಥೂಲವಾಗಿ ಎರಡು ಬಗೆ. ದೊಡ್ಡವು ಮುಟ್ಟಿದ್ದು, ಮೀಸೆ ಅಲುಗಿದ್ದು ತಿಳಿಸುತ್ತವೆ. ಚಿಕ್ಕವು ಜಾಸ್ತಿ ಪಾಲು ನೋವು, ಬಿಸಿ, ತಂಪಿನವು. ಕಿಣ್ವಗಳೂ ಈ ಗಾತ್ರವನ್ನು ನೋಡಿಕೊಂಡೇ ಹಂಚಿಕೆಯಾಗಿವೆ.

ಟಿಎಂಪಿಯೇಸ್, ಅಂದರೆ ಥಯಾಮಿನ್ ಮಾನೋಫಾಸ್ಫೇಟನ್ನು ಒಡೆಯುವ ಕಿಣ್ವ, ಚಿಕ್ಕ ಕೋಶಗಳದ್ದು. ಅದರಲ್ಲೂ ಪೆಪ್ಟೈಡ್ ಇಲ್ಲದ, ಐಬಿ4 ಲೆಕ್ಟಿನ್ (ಸಕ್ಕರೆ ಗುಂಪುಗಳಿಗೆ ಅಂಟುವ ಪ್ರೋಟೀನು) ಅಂಟುವ ಗುಂಪಿನಲ್ಲಿ ಜಾಸ್ತಿ. ಹಳಬರು ಇದನ್ನು ಫ್ರ್ಯಾಪ್ ಅನ್ನುತ್ತಾರೆ: ಫ್ಲೋರೈಡ್‌ಗೆ ಬಗ್ಗದ ಆಸಿಡ್ ಫಾಸ್ಫಟೇಸ್. ಹಂಗೇರಿಯ ಸೆಗೆಡ್‌ನಲ್ಲಿ ಚಿಲ್ಲಿಕ್ ಮತ್ತು ಕ್ನಿಹಾರ್ ದಂಪತಿ ಇದರ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದರು. ಕಿಣ್ವದ ಗುರುತು ಮಾತ್ರ ಬಹಳ ಕಾಲ ಸಿಕ್ಕಿರಲಿಲ್ಲ. 2008ರಲ್ಲಿ ನಾರ್ತ್ ಕೆರೊಲಿನಾದ ಮಾರ್ಕ್ ಝೈಲ್ಕಾ ಅವರ ತಂಡ ಮತ್ತು ಅವರ ಜೊತೆಗಾರರು ಇದು ಪ್ರಾಸ್ಟಾಟಿಕ್ ಆಸಿಡ್ ಫಾಸ್ಫಟೇಸ್‌ನದ್ದೇ ಒಂದು ರೂಪ ಅಂತ ತೋರಿಸಿದರು. ಪಿಎಸ್‌ಎ ಪರೀಕ್ಷೆ ಬರುವ ಮುಂಚೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರಕ್ತದಲ್ಲಿ ಅಳೆಯುತ್ತಿದ್ದದ್ದು ಇದನ್ನೇ. ಆ ಜೀನ್ ತೆಗೆದ ಮೌಸ್‌ನಲ್ಲಿ ನರಕೋಶದ ಟಿಎಂಪಿ ಬಣ್ಣ ಮಾಯವಾಗುತ್ತದೆ.

ಕಾರ್ಬಾನಿಕ್ ಆನ್‌ಹೈಡ್ರೇಸ್, ಅಂದರೆ ಕಾರ್ಬನ್ ಡೈಆಕ್ಸೈಡನ್ನು ನೀರಿನ ಜೊತೆ ಸೇರಿಸುವ, ಬೇರ್ಪಡಿಸುವ ಕಿಣ್ವ, ಇದಕ್ಕೆ ತಿರುಗು ಮುರುಗು. ರ್ಯಾಟ್‌ನಲ್ಲಿ ಅದು ಮುಖ್ಯವಾಗಿ ದೊಡ್ಡ ಕೋಶಗಳ ಸೊತ್ತು.

ಎನ್‌ಎಡಿಪಿಎಚ್ ಡಯಾಫೊರೇಸ್ ಗಾಯವಾಗದ ಗ್ಯಾಂಗ್ಲಿಯನ್‌ನಲ್ಲಿ ಕಾಣಿಸುವುದೇ ಕಡಿಮೆ. ಅಲ್ಲೊಂದು ಇಲ್ಲೊಂದು ಕೋಶ ಗಾಢ ನೀಲಿ, ಉಳಿದವು ಖಾಲಿ. ಅದಕ್ಕೇ ಆ ಹುಡುಗನ ಸ್ಲೈಡ್ ನೋಡಿದ ತಕ್ಷಣ ಅನುಮಾನ ಬಂದದ್ದು.

ಸಾಕ್ಷಿ ಅದೇ ತಲೆಯೊಳಗಿದೆ

ಸ್ಟೇನ್ ಕೆಟ್ಟಾಗ ಹೆಚ್ಚಿನವರು ಮೊದಲು ಕೆಮಿಕಲ್ ಬಾಟಲಿ ಬದಲಿಸುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಅದೇ ಪ್ರಾಣಿಯ ತಲೆಯಿಂದ, ಅದೇ ಸ್ಲೈಡಿನ ಮೇಲೆ, ಖಂಡಿತ ಬಣ್ಣ ಬರಲೇಬೇಕಾದ ಇನ್ನೊಂದು ಚೂರು ಇಟ್ಟಿದ್ದೀರಾ?

ಇಲಿಯ ತಲೆಯಲ್ಲಿ ಮೂರೂ ಸ್ಟೇನಿಗೆ ಸಾಕ್ಷಿ ಇದೆ. ಟಿಎಂಪಿಯೇಸ್‌ಗೆ ಮೆದುಳಿನ ಬುಡದಲ್ಲಿರುವ ಮೆಡುಲ್ಲಾದ ಹಿಂಬದಿ. ಟ್ರೈಜೆಮಿನಲ್‌ನ ಚಿಕ್ಕ ಕೋಶಗಳ ಎಳೆಗಳು ಅಲ್ಲಿ ಮೇಲ್ಪದರದಲ್ಲಿ ಬಂದು ಕೊನೆಯಾಗುತ್ತವೆ. ಬಣ್ಣ ಸರಿಯಾಗಿ ಬಂದರೆ ಹುಬ್ಬು ತೀಡಿದ ಹಾಗೆ ತೆಳು ಕಂದು ಕಮಾನು ಬರಿಗಣ್ಣಿಗೇ ಕಾಣುತ್ತದೆ. ಡಯಾಫೊರೇಸ್‌ಗೆ ಮೆದುಳಿನ ಸ್ಟ್ರಯಾಟಮ್. ಅಲ್ಲಿ ಚದುರಿ ಕೂತ ಕೆಲವು ಕೋಶಗಳು ಬೇರು ಬಿಟ್ಟ ಹಾಗೆ ಎಳೆ ಎಳೆಯಾಗಿ ಕಡುನೀಲಿ ಆಗುತ್ತವೆ. ನರಗಂಟೇ ಬೇಕು ಅಂದರೆ ಸ್ಫೀನೋಪ್ಯಾಲಟೈನ್ ಗ್ಯಾಂಗ್ಲಿಯನ್ ತೆಗೆದುಕೊಳ್ಳಿ, ಅದು ತುಂಬಾ ನೀಲಿ ಕೋಶಗಳೇ. ಕಾರ್ಬಾನಿಕ್ ಆನ್‌ಹೈಡ್ರೇಸ್‌ಗೆ ಮೆದುಳಿನ ದ್ರವ ಸ್ರವಿಸುವ ಕೋರಾಯ್ಡ್ ಪ್ಲೆಕ್ಸಸ್. ಅದು ಕಪ್ಪಾಗಲಿಲ್ಲ ಅಂದರೆ ಆ ದಿನದ ಗ್ಯಾಂಗ್ಲಿಯನ್ ಫಲಿತಾಂಶವನ್ನು ಓದಲೇಬೇಡಿ.

ಇದರಿಂದ ಅರ್ಧ ಪತ್ತೇದಾರಿ ಅಲ್ಲೇ ಮುಗಿಯುತ್ತದೆ. ಸಾಕ್ಷಿಗೂ ಬಣ್ಣ ಇಲ್ಲ, ಗ್ಯಾಂಗ್ಲಿಯನ್‌ಗೂ ಇಲ್ಲ ಅಂದರೆ ತಪ್ಪು ದ್ರಾವಣದಲ್ಲಿ ಅಥವಾ ಫಿಕ್ಸಿಂಗ್‌ನಲ್ಲಿ, ಅಂದರೆ ಅಂಗಾಂಶವನ್ನು ಫಾರ್ಮಾಲ್ಡಿಹೈಡ್‌ನಿಂದ ಗಟ್ಟಿ ಮಾಡಿ ಕೆಡದಂತೆ ಉಳಿಸುವುದರಲ್ಲಿ. ಸಾಕ್ಷಿಗೆ ಬಂದಿದೆ, ಗ್ಯಾಂಗ್ಲಿಯನ್‌ಗೆ ಇಲ್ಲ ಅಂದರೆ ತಪ್ಪು ಗ್ಯಾಂಗ್ಲಿಯನ್ ತೆಗೆದ ರೀತಿಯಲ್ಲಿ, ಇಲ್ಲವೇ ತಪ್ಪೇ ಇಲ್ಲ, ಪ್ರಾಣಿಯೇ ಹಾಗಿದೆ. ಸಾಕ್ಷಿಯಲ್ಲಿ ಬರಬಾರದ ಜಾಗದಲ್ಲೂ ಬಂದಿದೆ ಅಂದರೆ ನೀವು ನೋಡುತ್ತಿರುವುದು ಕಿಣ್ವವನ್ನಲ್ಲ, ಕೊಳೆಯನ್ನು.

ಗ್ಯಾಂಗ್ಲಿಯನ್ ಅಂತ ತೆಗೆದದ್ದು ಗ್ಯಾಂಗ್ಲಿಯನ್ನೇನಾ?

ನಗಬೇಡಿ. ಕೋಶವೇ ಇಲ್ಲದ ಸೆಕ್ಷನ್‌ಗೆ (ಕೊಯ್ದ ತೆಳು ಪದರಕ್ಕೆ) ಎರಡು ದಿನ ಬಣ್ಣ ಹಾಕಿದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು.

ಮೆದುಳು ಎತ್ತಿದ ಮೇಲೆ ತಲೆಬುರುಡೆಯ ತಳದಲ್ಲಿ, ಪಿಟ್ಯೂಟರಿಯ ಎರಡೂ ಪಕ್ಕ, ಚಪ್ಪಟೆಯಾದ ಉದ್ದನೆಯ ಎರಡು ಪಟ್ಟಿ ಕಾಣುತ್ತವೆ. ಮೇಲೆ ಡ್ಯೂರಾ ಪದರ ಮುಚ್ಚಿರುತ್ತದೆ. ಆ ಪಟ್ಟಿ ಪೂರ್ತಿ ಗ್ಯಾಂಗ್ಲಿಯನ್ ಅಲ್ಲ. ಹಿಂದಿನ ತುದಿ ಮೆದುಳಿಗೆ ಹೋಗುವ ಬೇರು, ಮುಂದಿನದು ಕವಲೊಡೆಯುವ ನರ. ಇವೆರಡೂ ಹೊಳೆಯುವ ಬಿಳಿ. ಕೋಶ ಇರುವ ನಡುಭಾಗ ಸ್ವಲ್ಪ ಮಂಕು, ಹಳದಿ ಬೂದು ಬಣ್ಣ. ಹೊಳಪು ಬಿಳಿಯನ್ನು ಮಾತ್ರ ಕತ್ತರಿಸಿ ತಂದರೆ ಸೆಕ್ಷನ್ ತುಂಬ ತಂತು, ಒಂದು ಕೋಶವೂ ಇಲ್ಲ. ಪರೀಕ್ಷೆ ಸುಲಭ: ಮೊದಲ ಸೆಕ್ಷನ್ನನ್ನು ಟೊಲುಯ್ಡಿನ್ ಬ್ಲೂಗೆ ಅದ್ದಿ ನೋಡಿ. ತಂತುಗಳ ಕಟ್ಟುಗಳ ನಡುವೆ ದ್ರಾಕ್ಷಿ ಗೊಂಚಲಿನ ಹಾಗೆ ದುಂಡು ಕೋಶಗಳು ಕಂಡರೆ ಮುಂದುವರಿಯಿರಿ.

ಇನ್ನೊಂದು ವಿಷಯ. ಕಣ್ಣಿನ ಕವಲು ಮತ್ತು ಮೇಲ್ದವಡೆಯ ಕವಲಿನ ಕೋಶಗಳು ಮುಂದೆ, ಒಳಬದಿಗೆ ಇರುತ್ತವೆ. ಕೆಳದವಡೆಯ ಕವಲಿನವು ಹಿಂದೆ, ಹೊರಬದಿಗೆ. ಗ್ಯಾಂಗ್ಲಿಯನ್ ಅಡ್ಡಕ್ಕೆ ಕೊಯ್ದರೆ ಒಂದೊಂದು ಸೆಕ್ಷನ್‌ನಲ್ಲೂ ಒಂದೊಂದು ಕವಲಿನ ಪಾಲು ಏರುಪೇರು. ಚಪ್ಪಟೆಯಾಗಿ ಮಲಗಿಸಿ ಉದ್ದಕ್ಕೆ ಕೊಯ್ದರೆ ಮೂರೂ ಒಂದೇ ಸೆಕ್ಷನ್‌ನಲ್ಲಿ ಸಿಗುತ್ತವೆ. "ನಿನ್ನೆ ಬಂತು, ಇವತ್ತು ಬರ್ತಿಲ್ಲ" ಅನ್ನುವ ದೂರುಗಳಲ್ಲಿ ಕೆಲವಕ್ಕೆ ಮದ್ದು ಇಷ್ಟೇ.

ಕಪ್ಪು ಮೌಸ್ ಬಳಸುವವರಿಗೆ ಒಂದು ಎಚ್ಚರಿಕೆ. ಸಿ57 ತಳಿಯಲ್ಲಿ ಮೆದುಳಿನ ಪೊರೆಗಳಲ್ಲಿ ಮೆಲನಿನ್ ತುಂಬಿದ ಕೋಶಗಳಿರುತ್ತವೆ. ಗ್ಯಾಂಗ್ಲಿಯನ್‌ಗೆ ಪೊರೆಯ ಚೂರು ಅಂಟಿಕೊಂಡು ಬಂದರೆ ಅಂಚಿನಲ್ಲಿ ಕಂದುಗಪ್ಪು ಕೋಶಗಳು ಕಾಣುತ್ತವೆ. ಟಿಎಂಪಿಯೇಸ್‌ಗೆ ಹಾಕುವ ಲೆಡ್ ಸ್ಟೇನಿನ ಬಣ್ಣಕ್ಕೂ ಇದಕ್ಕೂ ಮೋಸಹೋಗುವಷ್ಟು ಹೋಲಿಕೆ. ಏನೂ ಸ್ಟೇನ್ ಮಾಡದ ಒಂದು ಸೆಕ್ಷನ್ ಜೊತೆಗಿಟ್ಟುಕೊಂಡರೆ ಮುಗಿಯಿತು. ವಯಸ್ಸಾದ ಪ್ರಾಣಿಯಲ್ಲಿ ನರಕೋಶದೊಳಗೆ ಕೂಡುವ ಲಿಪೋಫಸ್ಸಿನ್ ಹಳದಿ ಕಂದು ಕಾಳುಗಳೂ ಆ ಖಾಲಿ ಸೆಕ್ಷನ್‌ನಲ್ಲೇ ಸಿಕ್ಕಿಬೀಳುತ್ತವೆ.

ಡಯಾಫೊರೇಸ್: ಎಲ್ಲವೂ ನೀಲಿ

ಈಗ ಆ ಹುಡುಗನ ಸ್ಲೈಡಿಗೆ ಬರೋಣ.

ಎಲೆಕ್ಟ್ರಾನ್ ಕೊಡುವ ಎನ್‌ಎಡಿಪಿಎಚ್ ಬಳಸಿ ಎನ್‌ಬಿಟಿ ಎಂಬ ರಾಸಾಯನಿಕವನ್ನು ಫಾರ್ಮಜಾನ್ ಎಂಬ ನೀಲಿ ವಸ್ತುವಾಗಿ ಮಾಡುವ ಕಿಣ್ವಗಳು ಜೀವಕೋಶದಲ್ಲಿ ಹಲವಾರಿವೆ. ಫಾರ್ಮಾಲ್ಡಿಹೈಡ್ ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ, ನಾಸ್, ಮಾತ್ರ ತಡೆದುಕೊಳ್ಳುತ್ತದೆ. ನರಕೋಶದ ಡಯಾಫೊರೇಸ್ ಅಂದರೆ ನಾಸ್ ಅಂತ 1991ರಲ್ಲಿ ಎರಡು ತಂಡಗಳು ತೋರಿಸಿದಾಗಿನಿಂದ ಈ ಹಳೇ ಸ್ಟೇನಿಗೆ ಹೊಸ ಬೆಲೆ ಬಂತು. ಆದರೆ ಈ ಸಮೀಕರಣ ನಿಂತಿರುವುದೇ ಫಿಕ್ಸಿಂಗ್ ಮೇಲೆ. ಫಿಕ್ಸಿಂಗ್ ಕಮ್ಮಿಯಾದರೆ ಉಳಿದ ಕಿಣ್ವಗಳೂ ಬದುಕಿರುತ್ತವೆ, ಎಲ್ಲ ಸೇರಿ ಬಣ್ಣ ಹಾಕುತ್ತವೆ.

ಹೃದಯದ ಮೂಲಕ ಮೊದಲು ಸಲೈನ್, ಆಮೇಲೆ ಫಿಕ್ಸೆಟಿವ್ ಹರಿಸುವುದಕ್ಕೆ ಪರ್ಫ್ಯೂಷನ್ ಅನ್ನುತ್ತೇವೆ. ಹುಡುಗನನ್ನು ಕೇಳಿದೆ, "ಪರ್ಫ್ಯೂಷನ್ ಹೇಗಾಯ್ತು?"

"ಚೆನ್ನಾಗೇ ಆಯ್ತು ಮೇಡಂ. ಲಿವರ್ ಬೆಳ್ಳಗಾಯ್ತು."

"ಬಾಲ ಸೆಟೆದುಕೊಳ್ತಾ? ಕುತ್ತಿಗೆ?"

ಯೋಚಿಸಿದ. "ಅದು ನೋಡಲಿಲ್ಲ."

ಲಿವರ್ ಬೆಳ್ಳಗಾಗುವುದು ಸಲೈನ್ ಹೋದದ್ದಕ್ಕೆ ಗುರುತು. ಫಿಕ್ಸೆಟಿವ್ ಹೋದದ್ದಕ್ಕೆ ಗುರುತು ಮೈ ನಡುಗುವುದು, ಆಮೇಲೆ ಕುತ್ತಿಗೆ, ಬಾಲ ಮರದ ಹಾಗೆ ಗಟ್ಟಿಯಾಗುವುದು. ತಲೆಗೆ ಫಿಕ್ಸೆಟಿವ್ ಹೋಗಲಿಲ್ಲ ಅಂದರೆ ಕೆಳಗೆ ಲಿವರ್ ಎಷ್ಟು ಬೆಳ್ಳಗಿದ್ದರೇನು? ಅವನು ಎತ್ತಿಟ್ಟಿದ್ದ ಮೆದುಳನ್ನು ತರಿಸಿ ನೋಡಿದೆ. ಹೊರಗೆ ಗಟ್ಟಿ, ಕೊಯ್ದರೆ ಒಳಗೆ ಮೆತ್ತಗೆ, ತಿಳಿಗೆಂಪು. ಸೂಜಿ ಹೃದಯದ ನಡುಗೋಡೆ ದಾಟಿ ಬಲಬದಿಗೆ ಹೋಗಿತ್ತು ಅಂತ ಕಾಣುತ್ತದೆ. ಹಾಗಾದಾಗ ದ್ರಾವಣ ಶ್ವಾಸಕೋಶಕ್ಕೆ ಹೋಗುತ್ತದೆ, ಮೂಗಿನಿಂದ ನೀರು ಬರುತ್ತದೆ. "ಮೂಗಲ್ಲಿ ನೀರು ಬಂತಾ?" ಅಂದೆ. ಬಂದಿತ್ತಂತೆ. ಅಲ್ಲಿಗೆ ಸಿಕ್ಕಿತು.

ಗ್ಯಾಂಗ್ಲಿಯನ್ ಕೈಗೆ ಬಂದಾಗ ದಂತದ ಬಿಳುಪಿರಬೇಕು. ಗುಲಾಬಿ ಇದ್ದರೆ ಒಳಗೆ ರಕ್ತ ನಿಂತಿದೆ, ಫಿಕ್ಸಿಂಗ್ ಅನುಮಾನ. 4% ಪ್ಯಾರಾಫಾರ್ಮಾಲ್ಡಿಹೈಡ್ ಪರ್ಫ್ಯೂಷನ್ ಆದ ಮೇಲೆ ಅದೇ ದ್ರಾವಣದಲ್ಲಿ ಎರಡರಿಂದ ನಾಲ್ಕು ಗಂಟೆ, ಆಮೇಲೆ 30% ಸಕ್ಕರೆ ದ್ರಾವಣದಲ್ಲಿ ಮುಳುಗುವ ತನಕ. ನಾನು ಹೀಗೆ ಮಾಡುತ್ತೇನೆ.

ಎಲ್ಲವೂ ನೀಲಿ ಆಗಲು ಇನ್ನೂ ಎರಡು ದಾರಿಗಳಿವೆ. ಒಂದು, ಎನ್‌ಎಡಿಪಿಎಚ್ ಬದಲು ಎನ್‌ಎಡಿಎಚ್ ಬಾಟಲಿ ಎತ್ತಿಕೊಂಡದ್ದು. ಇನ್ನೊಂದು, ಕಿಣ್ವವೇ ಇಲ್ಲದೆ ಬರುವ ಬಣ್ಣ. ಪ್ರೋಟೀನಿನ ಗಂಧಕದ ಗುಂಪುಗಳೇ ಎನ್‌ಬಿಟಿಯನ್ನು ನೀಲಿ ಮಾಡಬಲ್ಲವು, ಪಿಎಚ್ ಏರಿದಷ್ಟೂ ಜಾಸ್ತಿ. ಇದನ್ನು ಹಿಡಿಯಲು ಎನ್‌ಎಡಿಪಿಎಚ್ ಹಾಕದ ದ್ರಾವಣದಲ್ಲಿ ಒಂದು ಸೆಕ್ಷನ್ ಇಡಿ. ಅದಕ್ಕೂ ಬಣ್ಣ ಬಂದರೆ ನಿಮ್ಮ ನೀಲಿಗೆ ಕಿಣ್ವದ ಸಂಬಂಧ ಇಲ್ಲ. ಬಫರ್ ಪಿಎಚ್ ನೋಡಿ, ಅದೇ ಪಾತ್ರೆಯಲ್ಲಿ ಹಿಂದೆ ಏನು ಕಲಸಿದ್ದರು ಅಂತಲೂ ನೋಡಿ. ಎಲೆಕ್ಟ್ರಾನ್ ಕೊಡುವ ವಿಟಮಿನ್ ಸಿ, ಡಿಟಿಟಿಯಂಥ ವಸ್ತುಗಳ ಚೂರುಪಾರು ಉಳಿದಿದ್ದರೂ ಸಾಕು.

ನಾಸ್ ತಡೆಯುವ ಔಷಧಿ ಎಲ್-ನೇಮ್ ಹಾಕಿ "ಕಂಟ್ರೋಲ್ ಮಾಡಿದ್ದೇವೆ" ಅನ್ನುವವರಿದ್ದಾರೆ. ನೈಟ್ರಿಕ್ ಆಕ್ಸೈಡ್ ತಯಾರಿಸಲು ನಾಸ್‌ಗೆ ಆರ್ಜಿನಿನ್ ಬೇಕು, ಆದರೆ ಡಯಾಫೊರೇಸ್ ಕ್ರಿಯೆಗೆ ಅದು ಬೇಕಾಗಿಯೇ ಇಲ್ಲ. ಹಾಗಿರುವಾಗ ಆರ್ಜಿನಿನ್ ಜಾಗಕ್ಕೆ ಅಡ್ಡ ಕೂರುವ ಔಷಧಿಯ ಮೇಲೆ ಇಲ್ಲಿ ಭರವಸೆ ಇಡಲಾಗದು.

ಡಯಾಫೊರೇಸ್: ಏನೂ ಇಲ್ಲ

ಮೊದಲು ರಕ್ತನಾಳದ ಒಳಗೋಡೆ ನೋಡಿ. ಅಲ್ಲೂ ನಾಸ್ ಇದೆ, ತೆಳು ನೀಲಿ ಗೆರೆ ಬರಬೇಕು. ನಾಳ ನೀಲಿ, ಕೋಶ ಖಾಲಿ ಇದ್ದರೆ ಸ್ಟೇನ್ ಕೆಲಸ ಮಾಡಿದೆ. ಮೊದಲೇ ಹೇಳಿದ ಹಾಗೆ ಗಾಯವಿಲ್ಲದ ಗ್ಯಾಂಗ್ಲಿಯನ್‌ನಲ್ಲಿ ಈ ಕೋಶಗಳು ವಿರಳ. ಇನ್ನಷ್ಟು ಸೆಕ್ಷನ್ ನೋಡಿ, ಗಾಬರಿ ಬೇಡ.

ನಾಳವೂ ಖಾಲಿ, ಸ್ಟ್ರಯಾಟಮ್ಮೂ ಖಾಲಿ ಇದ್ದರೆ ಬಾಟಲಿ ತೆಗೆಯಿರಿ. ಒಮ್ಮೆ ನಮ್ಮಲ್ಲಿ ಮೂರು ವಾರ ಯಾವ ಸ್ಲೈಡಿಗೂ ಬಣ್ಣ ಬರಲಿಲ್ಲ. ಎನ್‌ಬಿಟಿ ಹೊಸದು ತರಿಸಿದೆವು, ಬಫರ್ ಮೂರು ಸಲ ಮಾಡಿದೆವು, ಇನ್‌ಕ್ಯುಬೇಟರ್‌ಗೆ ಇನ್ನೊಂದು ಥರ್ಮಾಮೀಟರ್ ಇಟ್ಟೆವು. ಕೊನೆಗೆ ಫ್ರೀಜರ್‌ನಲ್ಲಿದ್ದ ಬಾಟಲಿಯ ಲೇಬಲ್ಲಿನ ಮಂಜು ಒರೆಸಿ ಓದಿದರೆ ಎನ್‌ಎಡಿಪಿ ಅಂತಿತ್ತು. ಕೊನೆಯ ಎಚ್ ಇರಲಿಲ್ಲ. ಎಲೆಕ್ಟ್ರಾನ್ ಕೊಡಬೇಕಾದ ವಸ್ತುವಿನ ಬದಲು, ಕೊಟ್ಟು ಖಾಲಿಯಾದ ವಸ್ತುವನ್ನು ಹಾಕುತ್ತಿದ್ದೆವು. ಆರ್ಡರ್ ಬರೆದವಳು ನಾನೇ.

ಬಾಟಲಿ ಸರಿ ಇದ್ದರೂ ಎನ್‌ಎಡಿಪಿಎಚ್ ತೇವಕ್ಕೆ ಹೆದರುತ್ತದೆ. ಮೈನಸ್ 20ರಿಂದ ತೆಗೆದ ತಕ್ಷಣ ಮುಚ್ಚಳ ತೆರೆದರೆ ಮಳೆಗಾಲದ ಗಾಳಿಯ ನೀರೆಲ್ಲ ಪುಡಿಯ ಮೇಲೆ ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ರೂಮಿನ ಬಿಸಿಗೆ ಬಂದ ಮೇಲೆ ತೆರೆಯಿರಿ. ಪುಡಿ ಬೆಲ್ಲದ ಉಂಡೆಯಂತೆ ಗಟ್ಟಿಯಾಗಿದ್ದರೆ ಅದರ ಆಸೆ ಬಿಡಿ. ದ್ರಾವಣ ಆಗಲೇ ಮಾಡಿ ಆಗಲೇ ಬಳಸಬೇಕು: ಒಂದು ಮಿಲಿಲೀಟರಿಗೆ 1 ಮಿಲಿಗ್ರಾಂ ಎನ್‌ಎಡಿಪಿಎಚ್, 0.2 ಮಿಲಿಗ್ರಾಂ ಎನ್‌ಬಿಟಿ, 0.3% ಟ್ರೈಟಾನ್, ಪಿಎಚ್ 8ರ ಸುಮಾರಿನ ಬಫರ್, 37 ಡಿಗ್ರಿ, ಅರ್ಧದಿಂದ ಒಂದು ಗಂಟೆ, ಕತ್ತಲಲ್ಲಿ. ಟ್ರೈಟಾನ್ ಮರೆತರೆ ಬಣ್ಣ ಸೆಕ್ಷನ್ನಿನ ಮೇಲ್ಮೈ ಬಿಟ್ಟು ಒಳಗಿಳಿಯುವುದಿಲ್ಲ.

ಟಿಎಂಪಿಯೇಸ್: ಸ್ಲೈಡೆಲ್ಲ ಕಂದು ಮಣ್ಣು

ನನ್ನ ಅನುಭವದಲ್ಲಿ ಜಾಸ್ತಿ ಕಣ್ಣೀರು ಹಾಕಿಸುವುದು ಈ ಸ್ಟೇನು. ಅದರ ದಾರಿ ಒಮ್ಮೆ ಅರ್ಥವಾದರೆ ತಪ್ಪು ತಾನಾಗೇ ಕಾಣುತ್ತದೆ. ಕಿಣ್ವ ಟಿಎಂಪಿಯಿಂದ ಫಾಸ್ಫೇಟ್ ಕಿತ್ತುಹಾಕುತ್ತದೆ. ದ್ರಾವಣದಲ್ಲಿರುವ ಲೆಡ್ ಆ ಫಾಸ್ಫೇಟನ್ನು ಅಲ್ಲೇ ಹಿಡಿದು ಲೆಡ್ ಫಾಸ್ಫೇಟ್ ಆಗಿ ಕೂರುತ್ತದೆ. ಅದು ಕಣ್ಣಿಗೆ ಕಾಣದು. ಕೊನೆಯಲ್ಲಿ ಅಮೋನಿಯಂ ಸಲ್ಫೈಡ್ ಹಾಕಿದರೆ ಕಂದುಗಪ್ಪು ಲೆಡ್ ಸಲ್ಫೈಡ್. 1941ರಲ್ಲಿ ಗೊಮೊರಿ ಆಸಿಡ್ ಫಾಸ್ಫಟೇಸ್‌ಗೆ ತೋರಿಸಿದ ದಾರಿಯೇ ಇದು, ಒಡೆಯುವ ವಸ್ತು ಮಾತ್ರ ಬೇರೆ.

ಅಂದರೆ ಲೆಡ್‌ಗೆ ಫಾಸ್ಫೇಟ್ ಎಲ್ಲಿಂದ ಸಿಕ್ಕರೂ ಸರಿ, ಕೂರುತ್ತದೆ. ಕಿಣ್ವ ಕೊಟ್ಟದ್ದೋ ನೀವು ಕೊಟ್ಟದ್ದೋ ಅದಕ್ಕೆ ಗೊತ್ತಾಗದು. ಈಗ ಯೋಚಿಸಿ, ನಿಮ್ಮ ಸೆಕ್ಷನ್ ಯಾವುದರಲ್ಲಿತ್ತು? ಪಿಬಿಎಸ್‌ನಲ್ಲಿ. ಅದರ ಮೊದಲ ಪಿ ಅಂದರೆ ಫಾಸ್ಫೇಟ್! ಫಿಕ್ಸೆಟಿವ್ ಕಲಸಿದ್ದೂ ಫಾಸ್ಫೇಟ್ ಬಫರ್‌ನಲ್ಲೇ. ಅದನ್ನು ತೊಳೆಯದೆ ಲೆಡ್ ದ್ರಾವಣಕ್ಕೆ ಇಳಿಸಿದರೆ ಸೆಕ್ಷನ್ ಮೇಲೆಲ್ಲ ಮಣ್ಣು ಚೆಲ್ಲಿದ ಹಾಗೆ ಆಗುತ್ತದೆ. ಪಿಬಿಎಸ್‌ನ ಉಪ್ಪೂ ಲೆಡ್ ಜೊತೆ ಸೇರಿ ಗಸಿಯಾಗುತ್ತದೆ. ಹಾಗಾಗಿ ಟ್ರಿಸ್ ಮ್ಯಾಲಿಯೇಟ್ ಬಫರ್‌ನಲ್ಲಿ, ಪಿಎಚ್ 5.6, ನಾಲ್ಕೈದು ಸಲ ಬದಲಿಸಿ ಬದಲಿಸಿ ತೊಳೆಯಬೇಕು. ನಲ್ಲಿ ನೀರಂತೂ ಬೇಡವೇ ಬೇಡ.

ಮಣ್ಣು ಎಲ್ಲಿಂದ ಬಂತು ಅಂತ ತಿಳಿಯಲು ದ್ರಾವಣ ಯಾವಾಗ ಮಸುಕಾಯಿತು ಅಂತ ನೋಡಿ. ಲೆಡ್ ನೈಟ್ರೇಟ್ ಹನಿ ಹಾಕುವಾಗಲೇ ಹಾಲಿನ ಹಾಗೆ ಆದರೆ ತಪ್ಪು ಟಿಎಂಪಿಯದ್ದು ಅಥವಾ ನೀರಿನದ್ದು. ಹಳೇ ಟಿಎಂಪಿ ಬಾಟಲಿಯಲ್ಲೇ ಒಡೆದು ಫಾಸ್ಫೇಟ್ ಬಿಟ್ಟಿರುತ್ತದೆ. ಸೋಸಿ ತಿಳಿಯಾದ ದ್ರಾವಣ ಸೆಕ್ಷನ್ ಬಿದ್ದ ಮೇಲೆ ಮಸುಕಾದರೆ ತಪ್ಪು ತೊಳೆದದ್ದರಲ್ಲಿ. ನಾನು ಯಾವಾಗಲೂ ಒಂದು ಖಾಲಿ ಟ್ಯೂಬ್ ಜೊತೆಗಿಡುತ್ತೇನೆ. ಸೆಕ್ಷನ್ ಹಾಕದ ಅದೇ ದ್ರಾವಣ, ಅದೇ 37 ಡಿಗ್ರಿ, ಅಷ್ಟೇ ಹೊತ್ತು. ಅದು ತಿಳಿಯಾಗಿ ಉಳಿದರೆ ಮನಸ್ಸಿಗೆ ನೆಮ್ಮದಿ.

ಇಲ್ಲಿ ಒಂದು ಸೂಕ್ಷ್ಮ ಗುರುತಿದೆ. 40ರ ಲೆನ್ಸ್‌ನಲ್ಲಿ ಒಂದೇ ಕೋಶಕ್ಕೆ ಫೋಕಸ್ ಮಾಡಿ. ಸರಿಯಾದ ಟಿಎಂಪಿ ಕೋಶದಲ್ಲಿ ಸೈಟೋಪ್ಲಾಸಂ ಕಂದು, ನಡುವೆ ನ್ಯೂಕ್ಲಿಯಸ್ ಬೆಳಕಿನ ಕಿಂಡಿಯಂತೆ ಖಾಲಿ. ನ್ಯೂಕ್ಲಿಯಸ್ಸೇ ಕಂದಾಗಿ ಸುತ್ತ ಮಂಕಾಗಿದ್ದರೆ ಅದು ಕಿಣ್ವ ಅಲ್ಲ. ಲೆಡ್ ಬರಿದೇ ನ್ಯೂಕ್ಲಿಯಸ್‌ಗೆ ಅಂಟಿದೆ. ಜಾಸ್ತಿ ಹೊತ್ತು ಬಿಟ್ಟಾಗ ಹೀಗಾಗುತ್ತದೆ. 30, 60, 120 ನಿಮಿಷಕ್ಕೆ ಒಂದೊಂದು ಸೆಕ್ಷನ್ ತೆಗೆದು ಸಾಲಾಗಿಟ್ಟು ನೋಡಿ. ಎಲ್ಲಿ ನ್ಯೂಕ್ಲಿಯಸ್ ಬಣ್ಣ ಹಿಡಿಯಲು ಶುರು ಮಾಡಿತೋ ಅದರ ಹಿಂದಿನದೇ ನಿಮ್ಮ ಹೊತ್ತು. ಸ್ಯಾಟಲೈಟ್ ಕೋಶಗಳ ನ್ಯೂಕ್ಲಿಯಸ್ ಚುಕ್ಕಿ ಚುಕ್ಕಿಯಾಗಿ ಕಂಡರೂ ಅದೇ ಕಥೆ.

ಎಲ್ಲ ಕೋಶದಲ್ಲೂ, ದೊಡ್ಡದರಲ್ಲೂ, ಸಣ್ಣ ಸಣ್ಣ ಕಂದು ಕಾಳು ಬಂದಿದ್ದರೆ ಕಿಣ್ವಕ್ಕೆ ಒಡೆಯಲು ಯಾವ ಸಬ್‌ಸ್ಟ್ರೇಟ್ ಹಾಕಿದಿರಿ ನೋಡಿ. ಬೀಟಾ ಗ್ಲಿಸರೋಫಾಸ್ಫೇಟ್ ಹಾಕಿದರೆ ಕೋಶದ ಜೀರ್ಣಚೀಲಗಳಾದ ಲೈಸೊಸೋಮ್‌ಗಳ ಆಸಿಡ್ ಫಾಸ್ಫಟೇಸೂ ಕೆಲಸ ಮಾಡುತ್ತದೆ. ಅದು ಎಲ್ಲ ಕೋಶದಲ್ಲೂ ಇದೆ. ಆ ಲೈಸೊಸೋಮ್ ಗದ್ದಲ ಅಡಗಿಸಲೆಂದೇ ಹಿಂದಿನವರು ಫ್ಲೋರೈಡ್ ಹಾಕುತ್ತಿದ್ದರು. ಟಿಎಂಪಿ ಬಂದ ಮೇಲೆ ಆ ಕಷ್ಟ ಕಮ್ಮಿಯಾಯಿತು.

ಬಣ್ಣವೇ ಬಾರದಿದ್ದರೆ ಮೊದಲ ಅನುಮಾನ ಸಲ್ಫೈಡ್ ಮೇಲೆ. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಲೆಡ್ ನೈಟ್ರೇಟ್, ಅದರ ಮೇಲೆ ಒಂದು ಹನಿ ಸಲ್ಫೈಡ್. ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗಬೇಕು. ಮೆಲ್ಲಗೆ ಕಂದಾದರೆ ಬಾಟಲಿ ಸತ್ತಿದೆ. ಈ ಪರೀಕ್ಷೆ ಫ್ಯೂಮ್ ಹುಡ್ ಒಳಗೇ ಮಾಡಿ. ಕೊಳೆತ ಮೊಟ್ಟೆಯ ವಾಸನೆ ಇಡೀ ಕಾರಿಡಾರಿಗೆ ಹರಡಿದರೆ ಪಕ್ಕದ ಲ್ಯಾಬಿನವರು ಮಾತಾಡಿಸುವುದು ಬಿಡುತ್ತಾರೆ. ವಾಸನೆಗಿಂತ ಮುಖ್ಯ, ಅದು ವಿಷ.

ಸಲ್ಫೈಡ್‌ಗೆ ಮುಂಚೆ ತೊಳೆಯುವುದು ಕಮ್ಮಿಯಾದರೆ ಉಳಿದ ಲೆಡ್ ಎಲ್ಲ ಕಪ್ಪಾಗಿ ಸೆಕ್ಷನ್ ಪೂರ್ತಿ ಚಹಾ ಬಣ್ಣ. ಇದನ್ನೂ ಮೊದಲಿನ ಮಣ್ಣನ್ನೂ ಒಂದೇ ಅಂದುಕೊಳ್ಳಬೇಡಿ. ಮಣ್ಣು ಕಾಳು ಕಾಳು, ಚಹಾ ಬಣ್ಣ ಸಮ.

ಕಾರ್ಬಾನಿಕ್ ಆನ್‌ಹೈಡ್ರೇಸ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1967ರ ಹ್ಯಾನ್ಸನ್ ವಿಧಾನ, ಕೋಬಾಲ್ಟ್ ಬಳಸಿ ಕೊನೆಗೆ ಕಪ್ಪು ಕೋಬಾಲ್ಟ್ ಸಲ್ಫೈಡ್. ನೂರಕ್ಕೆ ತೊಂಬತ್ತು ತಪ್ಪು ಒಂದೇ: ಸೆಕ್ಷನ್ನನ್ನು ದ್ರಾವಣದಲ್ಲಿ ಮುಳುಗಿಸಿಬಿಡುವುದು. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹಾರಿಹೋದರೆ ಮಾತ್ರ ಕ್ರಿಯೆ ಮುಂದೆ ಸಾಗುತ್ತದೆ. ಸೆಕ್ಷನ್ ದ್ರಾವಣದ ಮೇಲ್ಮೈಯಲ್ಲಿ ತೇಲಬೇಕು, ಸಂಡಿಗೆ ಎಣ್ಣೆಯ ಮೇಲೆ ತೇಲುವ ಹಾಗೆ. ಮುಚ್ಚಳ ಹಾಕಬೇಡಿ. ಈ ಕಿಣ್ವವನ್ನು ತಡೆಯುವ ಅಸೆಟಜೋಲಮೈಡ್ ಹಾಕಿದ ದ್ರಾವಣದಲ್ಲಿ ಬಣ್ಣ ಹೋಗಬೇಕು, ಹೋಗದಿದ್ದರೆ ಆ ಕಪ್ಪು ಕಿಣ್ವದ್ದಲ್ಲ. ಕೆಂಪು ರಕ್ತಕಣದಲ್ಲೂ ಈ ಕಿಣ್ವ ತುಂಬಿದೆ. ಪರ್ಫ್ಯೂಷನ್ ಸರಿಯಾಗದಿದ್ದರೆ ನಾಳಗಳೆಲ್ಲ ಕಪ್ಪು ಹುಳುಗಳಂತೆ ಕಾಣುತ್ತವೆ. ಅದು ಸ್ಟೇನಿನ ತಪ್ಪಲ್ಲ.

ತೂತು, ಮಡಿಕೆ, ಅಂಚಿನ ಬಣ್ಣ

ಕೋಶಗಳು ನೀರುದೋಸೆಯಂತೆ ತೂತು ತೂತಾಗಿದ್ದರೆ ನಿಧಾನವಾಗಿ ಹೆಪ್ಪುಗಟ್ಟಿ ಐಸ್ ಹರಳು ಬೆಳೆದಿದೆ. ಸಕ್ಕರೆ ದ್ರಾವಣದಲ್ಲಿ ಗ್ಯಾಂಗ್ಲಿಯನ್ ಮುಳುಗುವ ತನಕ ಕಾದಿಲ್ಲ, ಅಥವಾ ಕರೆಂಟ್ ಹೋಗಿ ಬಂದು ಬ್ಲಾಕ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. ಜನರೇಟರ್ ಇದೆ ಅಂತ ನಂಬಿ ಕೂರಬೇಡಿ. ಫ್ರೀಜರ್‌ನಲ್ಲಿ ಒಂದು ಲೋಟ ಐಸ್ ಮೇಲೆ ನಾಣ್ಯ ಇಟ್ಟಿರಿ. ಬೆಳಿಗ್ಗೆ ನಾಣ್ಯ ತಳದಲ್ಲಿದ್ದರೆ ರಾತ್ರಿ ಏನಾಯಿತು ಅಂತ ಗೊತ್ತಾಗುತ್ತದೆ.

ಅಂಚಿಗೆ ಮಾತ್ರ ಬಣ್ಣ, ನಡುವೆ ಖಾಲಿ ಅಂದರೆ ದ್ರಾವಣ ಒಳಗೆ ಹೋಗಿಲ್ಲ, ಇಲ್ಲವೇ ಸ್ಲೈಡಿನ ಮೇಲೆ ಒಣಗಿದೆ. ಮಡಿಕೆಯ ಮೇಲಿನ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಎಲ್ಲ ಸರಿ ಇದೆ, ಆದರೂ ಹಂಚಿಕೆ ವಿಚಿತ್ರ

ಸಾಕ್ಷಿಗಳೆಲ್ಲ ಸರಿ. ಖಾಲಿ ಟ್ಯೂಬ್ ತಿಳಿ. ಆದರೂ ಗ್ಯಾಂಗ್ಲಿಯನ್‌ನ ಒಂದು ಮೂಲೆಯಲ್ಲಿ, ಮೇಲ್ದವಡೆಯ ಭಾಗದಲ್ಲಿ, ಟಿಎಂಪಿ ಕೋಶಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಈ ಬಾರಿ ದ್ರಾವಣ ಬಿಟ್ಟು ಪ್ರಾಣಿಯ ರಿಜಿಸ್ಟರ್ ತೆಗೆಯಿರಿ.

ಹೊರಗಿನ ನರಕ್ಕೆ ಪೆಟ್ಟು ಬಿದ್ದರೆ ಅದರ ಕೋಶಗಳಲ್ಲಿ ಈ ಕಿಣ್ವ ಇಳಿಯುತ್ತದೆ. ಮೆಡುಲ್ಲಾದ ಆ ಕಂದು ಕಮಾನಿನಲ್ಲೂ ಅಷ್ಟು ಭಾಗ ಅಳಿಸಿದಂತಾಗುತ್ತದೆ. ಸೆಗೆಡ್‌ನವರು ಬೆನ್ನುಹುರಿಯಲ್ಲಿ ಬಹಳ ಹಿಂದೆಯೇ ಇದನ್ನು ತೋರಿಸಿದ್ದರು. ಡಯಾಫೊರೇಸ್ ಇದಕ್ಕೆ ಉಲ್ಟಾ: ಪೆಟ್ಟಾದ ಕೋಶಗಳಲ್ಲಿ ಏರುತ್ತದೆ. ಹಾಗಾಗಿ ಪಕ್ಕದ ಸೆಕ್ಷನ್‌ಗೆ ಡಯಾಫೊರೇಸ್ ಹಾಕಿ ನೋಡಿ. ಟಿಎಂಪಿ ಹೋದ ಅದೇ ಮೂಲೆಯಲ್ಲಿ ನೀಲಿ ಕೋಶಗಳು ಹೆಚ್ಚಾಗಿದ್ದರೆ ಪೆಟ್ಟಿನ ಅನುಮಾನ ಗಟ್ಟಿ. ಯಾವ ಕೆಟ್ಟ ದ್ರಾವಣವೂ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಲಾರದು, ಅದೂ ಒಂದೇ ಕವಲಿನಲ್ಲಿ. ಎರಡೂ ಕಮ್ಮಿಯಿದ್ದರೆ ಫಿಕ್ಸಿಂಗ್ ಕಡೆಗೆ ವಾಪಸ್ ಬನ್ನಿ.

ನಮ್ಮಲ್ಲಿ ಒಮ್ಮೆ ಹೀಗೆ ಕಂಡ ಇಲಿ ಬೇರೊಬ್ಬರ ನರ ಕಟ್ಟುವ ಪ್ರಯೋಗದ ಗುಂಪಿನಿಂದ ನಮ್ಮ ಪಂಜರಕ್ಕೆ ಬಂದಿತ್ತು. ಮೀಸೆಯ ಬುಡದಲ್ಲಿ ಹೊಲಿಗೆಯ ಗುರುತು ಇತ್ತು, ಯಾರೂ ನೋಡಿರಲಿಲ್ಲ. ಎಡ ಬಲ ಅದಲು ಬದಲಾಗದಂತೆ ಬಲಗಡೆಯ ಗ್ಯಾಂಗ್ಲಿಯನ್‌ಗೆ ತೆಗೆಯುವಾಗಲೇ ಸಣ್ಣ ಗೀರು ಹಾಕುವುದನ್ನು ಅಂದಿನಿಂದ ಶುರು ಮಾಡಿದೆವು.

ಎಣಿಸುವಾಗಿನ ತಪ್ಪು

ಬಣ್ಣ ಚೊಕ್ಕಟವಾಗಿ ಬಂದ ಮೇಲೂ ಲೆಕ್ಕದಲ್ಲಿ ಹಂಚಿಕೆ ಕೆಡುತ್ತದೆ. ತೆಂಗಿನಕಾಯಿಯ ತುದಿ ಕೊಯ್ದರೆ ಸಿಗುವ ಬಿಲ್ಲೆ ನಿಂಬೆಹಣ್ಣಿನಷ್ಟೇ ಇರುತ್ತದೆ, ಅಲ್ವಾ? ಹಾಗೇ 50 ಮೈಕ್ರಾನ್ ಕೋಶದ ತುದಿ ಕೊಯ್ದರೆ ಅದು ಚಿಕ್ಕ ಕೋಶದ ಹಾಗೆ ಕಾಣುತ್ತದೆ. ಕಾರ್ಬಾನಿಕ್ ಆನ್‌ಹೈಡ್ರೇಸ್ "ಚಿಕ್ಕ ಕೋಶಗಳಲ್ಲೂ ಬಹಳ ಇದೆ" ಅಂತ ಲೆಕ್ಕ ಬಂದರೆ ಮೊದಲು ಇದನ್ನು ಅನುಮಾನಿಸಿ. ನ್ಯೂಕ್ಲಿಯಸ್ ಕಾಣುವ ಕೋಶವನ್ನು ಮಾತ್ರ ಅಳೆಯಿರಿ, ಮಾತ್ರ ಎಣಿಸಿ. 10 ಮೈಕ್ರಾನ್ ಸೆಕ್ಷನ್‌ಗಳಲ್ಲಿ ಒಂದೇ ದೊಡ್ಡ ಕೋಶ ನಾಲ್ಕೈದು ಸಲ ಎದುರಾಗುತ್ತದೆ. ಹಾಗಾಗಿ ಪ್ರತಿ ಸೆಕ್ಷನ್ನೂ ಎಣಿಸದೆ ನಡುವೆ ಬಿಟ್ಟು ಬಿಟ್ಟು ತೆಗೆದುಕೊಳ್ಳಿ. ಒಂದೇ ಕೋಶ ಹಲವು ಸಲ ಎಣಿಕೆಗೆ ಬರುವುದನ್ನು ಸರಿಪಡಿಸುವ 1946ರ ಆಬರ್‌ಕ್ರಾಂಬಿ ಸೂತ್ರ ಹಾಕುವುದಾದರೆ ಸೆಕ್ಷನ್ ದಪ್ಪವನ್ನು ಕೊಯ್ಯುವ ಯಂತ್ರವಾದ ಕ್ರಯೋಸ್ಟಾಟಿನ ಡಯಲ್ ನೋಡಿ ಬರೆಯಬೇಡಿ. ಒಣಗಿ ಮೌಂಟ್ ಆದ ಮೇಲೆ ಅದು ಕುಗ್ಗಿರುತ್ತದೆ, ಮೈಕ್ರೋಸ್ಕೋಪಿನಲ್ಲೇ ಅಳೆಯಿರಿ.

ಆ ಹುಡುಗ ಮುಂದಿನ ವಾರ ಹೊಸ ಗ್ಯಾಂಗ್ಲಿಯನ್ ತಂದ. ಪಕ್ಕದಲ್ಲೇ ಸ್ಟ್ರಯಾಟಮ್ ಚೂರು, ಎನ್‌ಎಡಿಪಿಎಚ್ ಹಾಕದ ಇನ್ನೊಂದು ಸ್ಲೈಡು. ಇಡೀ ಸೆಕ್ಷನ್ನಿನಲ್ಲಿ ಐದು ನೀಲಿ ಕೋಶ. "ಇಷ್ಟೇನಾ ಮೇಡಂ?" ಅಂದ, ಮುಖ ಸಣ್ಣದು ಮಾಡಿಕೊಂಡು. ಸ್ಟ್ರಯಾಟಮ್ ಕಡೆಗೆ ಸ್ಲೈಡ್ ಸರಿಸಿ, ನೋಡು ಅಂದೆ.